ಯಂತ್ರವಿದ್ಯೆಯಲ್ಲಿ ಗುಪ್ತಿಯೂ ಪ್ರಕಟನೆಯೂ: ಆಟದ ವಿಮಾನಗಳ ಚರಿತ್ರೆಯಿಂದ ಒಂದು ವಿಚಾರ

೧

ಶಾಸನ, ನಾಣ್ಯ, ದೇವಾಲಯ, ತಾಳೆಯೋಲೆಗಳ ಪರೀಕ್ಷೆಯಲ್ಲಿ ತೊಡಗಿದ ವಿದ್ವಾಂಸರ ದೃಷ್ಟಿಯು ಹುಡುಗರ ಆಟದ ಸಾಮಾನುಗಳ ಮೇಲೆ ಬೀಳುವುದು ಅಪರೂಪ. ಆದರೆ ಯಂತ್ರವಿದ್ಯೆಯ ಚರಿತ್ರೆಯನ್ನು ಬರೆಯಹೊರಟವನಿಗೆ ಆಟದ ವಿಮಾನವು ಉಪೇಕ್ಷಿಸತಕ್ಕ ವಸ್ತುವಲ್ಲ. ಯಂತ್ರಬಲದಿಂದ ಮನುಷ್ಯನನ್ನು ಹೊತ್ತು ಹಾರಿದ ರೈಟ್ ಸೋದರರ ವಿಮಾನವು ೧೯೦೩ನೆಯ ಇಸವಿಯದು. ರಬ್ಬರಿನ ಹುರಿಯಿಂದ ನಡೆಯುವ ಆಟದ ವಿಮಾನವು ಅದಕ್ಕೆ ೩೨ ವರ್ಷ ಮುಂಚಿತವಾಗಿಯೇ ಸ್ಥಿರವಾಗಿ ಹಾರಿತ್ತು. ಅಂದಮೇಲೆ ಆಟವು ಮುಂದೆ, ಕಾರ್ಯವು ಹಿಂದೆ ಎಂದಾಯಿತು.

ಈ ಆಟದ ವಿಮಾನಗಳ ರಚನೆಯು ಕಳೆದ ಶತಮಾನದಲ್ಲಿ ಒಮ್ಮೆ ಬಹಳವಾಗಿ ಹಬ್ಬಿ, ಮಧ್ಯೆ ಕುಂದಿ, ತಿರುಗಿ ಜೀವಗೊಂಡಿತು. ಹೀಗೆ ಮರಳಿ ಹುಟ್ಟುವ ಭಾಗ್ಯವು ಎಲ್ಲ ಕೈಗೆಲಸಗಳಿಗೂ ಇಲ್ಲ. ಕೆಲವು ಒಂದು ತಲೆಮಾರಿನಲ್ಲಿ ತಪ್ಪಿದರೆ ತೀರಿತು, ಅವುಗಳ ಹೆಸರು ಮಾತ್ರ ಉಳಿಯುತ್ತದೆ. ಈ ಭೇದಕ್ಕೆ ಕಾರಣವೇನೆಂಬುದೇ ಪ್ರಕೃತ ಲೇಖನದ ವಿಷಯ. ಅಳತೆ, ಪದಾರ್ಥ, ಕ್ರಮ ಈ ಮೂರರೊಡನೆ ಪ್ರಕಟವಾದ ವಿದ್ಯೆಯು ಅಳಿದರೂ ಮರಳಿ ಬರಬಲ್ಲದು, ಗುಪ್ತವಾಗಿ ಇಟ್ಟ ವಿದ್ಯೆಯು ಇಟ್ಟವನೊಡನೆಯೇ ಹೋಗುವುದು ಎಂಬುದು ನಮ್ಮ ಅಭಿಪ್ರಾಯ. ಇದನ್ನು ಮೊದಲು ಸಂಸ್ಕೃತ ಗ್ರಂಥಗಳಿಂದಲೂ ಬಳಿಕ ಪರದೇಶದ ಪತ್ರಿಕೆಗಳ ಚರಿತ್ರೆಯಿಂದಲೂ ವಿಚಾರಿಸಿ, ಕೊನೆಗೆ ಧಾರವಾಡ ಜಿಲ್ಲೆಯ ಹಳ್ಳಿಗಳಿಗೆ ಬರುತ್ತೇವೆ.

೨

ಧಾರಾನಗರದ ಭೋಜರಾಜನು ಹನ್ನೊಂದನೆಯ ಶತಮಾನದ ಪೂರ್ವಾರ್ಧದಲ್ಲಿ ಆಳಿದವನು. ಅವನ ಹೆಸರಿನಲ್ಲಿರುವ ‘ಸಮರಾಂಗಣಸೂತ್ರಧಾರ’ವೆಂಬ ವಾಸ್ತುಗ್ರಂಥವನ್ನು ಟಿ. ಗಣಪತಿಶಾಸ್ತ್ರಿಗಳು ಸಂಶೋಧಿಸಿ, ಬರೋಡೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ೧೯೨೪-೨೫ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದರು. ಅದರ ೩೧ನೆಯ ಅಧ್ಯಾಯವು ಯಂತ್ರವಿಧಾನವನ್ನು ಹೇಳುತ್ತದೆ. ಹಗುರವಾದ ಮರದಿಂದ ದೊಡ್ಡ ಹಕ್ಕಿಯ ಆಕಾರವನ್ನು ಮಾಡಿ, ಅದರ ಒಡಲಲ್ಲಿ ಪಾದರಸದ ಪಾತ್ರೆಯನ್ನೂ ಅದರ ಕೆಳಗೆ ಬೆಂಕಿಯನ್ನೂ ಇಟ್ಟರೆ, ಒಳಗೆ ಕುಳಿತ ಪುರುಷನು ಆಕಾಶದಲ್ಲಿ ದೂರ ಸಂಚರಿಸುವನೆಂದು ಅಲ್ಲಿದೆ. ಆದರೆ ರಚನೆಯ ವಿವರವಿಲ್ಲ. ಯಂತ್ರಗಳ ಜೋಡಣೆಯನ್ನು ಹೇಳದಿರುವುದು ಅಜ್ಞಾನದಿಂದಲ್ಲ, ಗುಪ್ತಿಗಾಗಿ ಎಂದು ಗ್ರಂಥಕರ್ತನೇ ಸ್ಪಷ್ಟಪಡಿಸಿದ್ದಾನೆ. ಬಯಲಾದ ಯಂತ್ರವು ಫಲ ಕೊಡದೆಂಬುದು ಅವನ ಮತ.

ಈ ಗುಪ್ತಿಯಿಂದ ಆದ ಫಲವನ್ನು ವಾಚಕರು ಗಮನಿಸಬೇಕು. ಅಂಥ ಯಂತ್ರವೊಂದು ಹಾರಿತೆಂದು ನಾವು ಸಾಧಿಸಲಾರೆವು. ಗ್ರಂಥಕರ್ತನು ಬರಿದೆ ಕಲ್ಪಿಸಿದನೆಂದು ತೋರಿಸುವುದಕ್ಕೂ ಸಾಧನವಿಲ್ಲ. ಪಂಚತಂತ್ರದ ಒಂದು ಪಾಠದಲ್ಲಿ ನೇಕಾರನೊಬ್ಬನು ಮರದ ಗರುಡನನ್ನೇರಿ ವಿಷ್ಣುವೇಷದಿಂದ ರಾಜಪುತ್ರಿಯ ಉಪ್ಪರಿಗೆಗೆ ಹೋಗುವ ಕಥೆಯುಂಟು. ಅಳತೆಗಳಿಲ್ಲದ ಶಾಸ್ತ್ರಕ್ಕೂ ಈ ಕಥೆಗೂ ಇರಬೇಕಾದ ಅಂತರವು ಕಾಲಕ್ರಮದಲ್ಲಿ ಅಳಿಸಿಹೋಗುತ್ತದೆ.

ಅದೇ ಭೋಜನ ಕಾಲದ್ದೆಂದು ಎಣಿಸಲ್ಪಡುವ ಭೋಜಪುರದ ಶಿವಾಲಯದಲ್ಲಿ ಇದಕ್ಕೆ ವಿಪರೀತವಾದ ಸಾಕ್ಷ್ಯವಿದೆ. ಆ ದೇವಾಲಯವು ಪೂರ್ಣವಾಗಲಿಲ್ಲ. ಆದರೆ ಸುತ್ತಲಿನ ಬಂಡೆಗಳ ಮೇಲೆ ಸ್ಥಪತಿಗಳು ಕೊರೆದ ರೇಖಾಚಿತ್ರಗಳು ಇಂದಿಗೂ ಉಳಿದಿರುವುದರಿಂದ, ಕಟ್ಟದೆ ಬಿಟ್ಟ ಭಾಗಗಳ ಉದ್ದೇಶವನ್ನು ವಿದ್ವಾಂಸರು ಊಹಿಸಬಲ್ಲವರಾಗಿದ್ದಾರೆ. ನಮ್ಮ ಅಣ್ಣಿಗೇರಿಯ ಅಮೃತೇಶ್ವರ ದೇವಾಲಯವೂ ಹೆಚ್ಚುಕಡಿಮೆ ಅದೇ ಕಾಲದ್ದು, ಸುಮಾರು ೧೦೫೦ನೆಯ ಇಸವಿಯದು. ಅದರ ಗೋಡೆಗಳಲ್ಲಿ ಕಂಡರಿಸಿದ ಕಿರುಶಿಖರಗಳು ದೊಡ್ಡ ಕಟ್ಟಡವನ್ನು ಚಿಕ್ಕದರಲ್ಲಿ ತೋರಿಸುವ ಪ್ರತಿಕೃತಿಗಳೇ. ಪ್ರತಿಕೃತಿಯನ್ನು ರಚಿಸುವ ಬುದ್ಧಿಯು ಈ ನೆಲಕ್ಕೆ ಹೊಸದಲ್ಲವೆಂಬುದಕ್ಕೆ ಅವು ಸಾಕ್ಷಿ.

೩

ಇನ್ನು ಪರದೇಶದ ವಿಚಾರ. ೧೮೭೧ನೆಯ ಇಸವಿ ಆಗಸ್ಟ್ ೧೮ರಂದು ಪ್ಯಾರಿಸ್ ನಗರದ ತ್ವಿಲರಿ ಉದ್ಯಾನದಲ್ಲಿ ಆಲ್ಫೋನ್ಸ್ ಪೆನೋ ಎಂಬ ತರುಣನು ತನ್ನ ಆಟದ ವಿಮಾನವನ್ನು ಪಂಡಿತರ ಮುಂದೆ ಹಾರಿಸಿದನು. ಅದರ ಉದ್ದ ಸುಮಾರು ಅರ್ಧ ಮೀಟರು, ತೂಕ ಸುಮಾರು ೧೬ ಗ್ರಾಂ. ಹುರಿಗೊಳಿಸಿದ ರಬ್ಬರು ಬಿಚ್ಚಿಕೊಳ್ಳುವ ಬಲದಿಂದ ಹಿಂಬದಿಯ ತಿರುಗಣೆಯು ತಿರುಗುತ್ತಿತ್ತು. ಅದು ೧೧ ಸೆಕೆಂಡುಗಳಲ್ಲಿ ಸುಮಾರು ೪೦ ಮೀಟರು ಹೋಯಿತು. ಬಾಲದ ಕಿರುರೆಕ್ಕೆಯು ತಕ್ಕ ಓರೆಯಲ್ಲಿದ್ದರೆ ವಿಮಾನವು ತಾನಾಗಿಯೇ ಸಮತೋಲವನ್ನು ಕಾಯುವುದೆಂಬುದು ಪೆನೋ ಕಂಡ ತತ್ತ್ವ. ಅವನು ಅದನ್ನು ಬಚ್ಚಿಡದೆ, ಮರುವರ್ಷವೇ ‘ಲೇರೋನೋತ್’ ಎಂಬ ಪತ್ರಿಕೆಯಲ್ಲಿ ವಿವರಿಸಿದನು. ಮೂವತ್ತು ವರ್ಷ ವಯಸ್ಸಿನಲ್ಲಿಯೇ, ೧೮೮೦ರಲ್ಲಿ, ಅವನು ತೀರಿಕೊಂಡನು, ತತ್ತ್ವವು ಉಳಿಯಿತು.

೧೮೭೮ರಲ್ಲಿ ಅಮೆರಿಕೆಯ ಮಿಲ್ಟನ್ ರೈಟ್ ಎಂಬ ಧರ್ಮಾಧಿಕಾರಿಯು ಪೆನೋನ ಮಾದರಿಯ ಒಂದು ಹಾರುವ ಆಟಿಕೆಯನ್ನು ತನ್ನ ಮಕ್ಕಳಿಗೆ ತಂದುಕೊಟ್ಟನು. ಅದು ಬಿದಿರು, ಬೆಂಡು, ಕಾಗದಗಳಿಂದ ಆದದ್ದು. ಅದು ಮುರಿದ ಮೇಲೆ ವಿಲ್ಬರ್, ಆರ್ವಿಲ್ ಸೋದರರು ಅದರಂತೆಯೇ ಬೇರೆ ಮಾಡಿದರು. ದೊಡ್ಡದಾಗಿ ಮಾಡಿದಾಗ ಅದು ಸರಿಯಾಗಿ ಹಾರದೆ ಹೋಯಿತು. ಉದ್ದವು ಇಮ್ಮಡಿಯಾದರೆ ಬಲವು ಎಂಟು ಮಡಿ ಬೇಕಾಗುವುದೆಂಬುದನ್ನು ಅವರು ಮುಂದೆ ತಿಳಿದುಕೊಂಡರು. ೧೯೦೩ನೆಯ ಇಸವಿ ಡಿಸೆಂಬರ್ ೧೭ರ ಹಾರಾಟಕ್ಕೆ ಇದೂ ಒಂದು ಬೀಜ.

ಅಲ್ಲಿಂದ ಮುಂದೆ ಪತ್ರಿಕೆಗಳ ಯುಗ. ‘ಅಮೆರಿಕನ್ ಬಾಯ್’ ಎಂಬ ಬಾಲಕರ ಮಾಸಪತ್ರಿಕೆಯು ಆಟದ ವಿಮಾನಗಳ ಸಂಘವನ್ನು ಕಟ್ಟಿತು. ‘ಮಾಡೆಲ್ ಏರ್‌ಪ್ಲೇನ್ ನ್ಯೂಸ್’ ೧೯೨೯ರಲ್ಲಿಯೂ, ಇಂಗ್ಲೆಂಡಿನ ‘ಏರೋಮಾಡೆಲರ್’ ೧೯೩೫ರಲ್ಲಿಯೂ ಹೊರಟವು. ಇವುಗಳ ಮುಖ್ಯ ಸಾಮಗ್ರಿಯು ಲೇಖನವಲ್ಲ, ನಕ್ಷೆ. ರೆಕ್ಕೆಯ ಪಕ್ಕೆಲುಬು ಎಷ್ಟು ದಪ್ಪ, ಬಾಲ್ಸಾ ಮರದ ಕಡ್ಡಿ ಎಷ್ಟು ಅಗಲ, ಭಾರಕೇಂದ್ರವು ಎಲ್ಲಿ ಬೀಳಬೇಕು, ಎಲ್ಲವೂ ಅಂಕಿಗಳಲ್ಲಿ. ಯಾವ ಊರಿನ ಹುಡುಗನೇ ಆಗಲಿ, ಗುರುವಿಲ್ಲದೆಯೂ ಆ ಹಾಳೆಯನ್ನು ಹಲಗೆಯ ಮೇಲೆ ಹಾಸಿ, ಅದರ ಮೇಲೆಯೇ ಕಡ್ಡಿಗಳನ್ನಿಟ್ಟು ಅಂಟಿಸಬಹುದಾಗಿತ್ತು. ೧೯೪೨ರಲ್ಲಿ ಯುದ್ಧಕಾಲದ ಅಮೆರಿಕೆಯ ನೌಕಾದಳವು ಶತ್ರುಮಿತ್ರ ವಿಮಾನಗಳ ಗುರುತನ್ನು ಕಲಿಸುವುದಕ್ಕಾಗಿ ೫ ಲಕ್ಷ ಪ್ರತಿಕೃತಿಗಳನ್ನು ಮಾಡಿಕೊಡಬೇಕೆಂದು ಶಾಲೆಯ ಮಕ್ಕಳನ್ನು ಕೇಳಿಕೊಂಡಿತು. ಈ ವಿದ್ಯೆಯು ಅಷ್ಟು ಸಾರ್ವತ್ರಿಕವಾಗಿತ್ತು.

ಯುದ್ಧಾನಂತರ ಸಿದ್ಧ ವಿಮಾನಗಳು ಅಂಗಡಿಗೆ ಬಂದವು. ದೂರದರ್ಶನವೂ ಬೇರೆ ಆಟಗಳೂ ಹುಡುಗರ ಮನಸ್ಸನ್ನು ಸೆಳೆದವು. ಕೈಯಿಂದ ಕಟ್ಟುವವರು ಕಡಮೆಯಾದರು. ಆದರೆ ೧೯೬೦ರ ದಶಕದಲ್ಲಿ ಅಮೆರಿಕೆಯಲ್ಲಿ ಹುಟ್ಟಿದ ‘ಸೊಸೈಟಿ ಆಫ್ ಆ್ಯಂಟಿಕ್ ಮಾಡೆಲರ್ಸ್’ ಎಂಬ ಸಂಘವು ಹಳೆಯ ವಿಮಾನಗಳನ್ನು ಹಳೆಯ ರೀತಿಯಲ್ಲಿಯೇ ಕಟ್ಟಿ ಹಾರಿಸುವ ವ್ರತವನ್ನು ತೊಟ್ಟಿತು. ೧೯೪೨ರ ಅಂತ್ಯದೊಳಗೆ ರಚಿತವಾದ ವಿನ್ಯಾಸಗಳಿಗೆ ಮಾತ್ರ ಅಲ್ಲಿ ಮನ್ನಣೆ. ಅವು ದೊರೆತದ್ದು ಬಹುಮಟ್ಟಿಗೆ ಹಳೆಯ ಪತ್ರಿಕೆಗಳ ಹಾಳೆಗಳಲ್ಲಿ. ವಿಮಾನಗಳು ಮುರಿದುಹೋಗಿದ್ದವು, ಕಟ್ಟಿದವರಲ್ಲಿ ಅನೇಕರು ತೀರಿಹೋಗಿದ್ದರು. ನಕ್ಷೆಯು ಉಳಿದಿದ್ದರಿಂದ ವಿದ್ಯೆಯು ಮರಳಿ ಬಂದಿತು. ನಮ್ಮ ಸಿದ್ಧಾಂತಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

೪

ಕರ್ನಾಟಕದಲ್ಲಿ ಈ ಎರಡು ಮಾರ್ಗಗಳೂ ಒಂದೇ ವರ್ಷದಲ್ಲಿ ಕವಲೊಡೆದದ್ದು ವಿಚಿತ್ರವಾದ ಸಂಗತಿ. ೧೯೧೮ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಆರಂಭಿಸಿದರು. ಅದೇ ೧೯೧೮ರಿಂದ ೧೯೨೩ರ ವರೆಗೆ ಆನೇಕಲ್ಲಿನ ಸುಬ್ಬರಾಯಶಾಸ್ತ್ರಿಗಳು ಭರದ್ವಾಜಪ್ರಣೀತವೆಂದು ‘ವೈಮಾನಿಕಶಾಸ್ತ್ರ’ವನ್ನು ಬಾಯಿಂದ ಹೇಳಿ ಬರೆಯಿಸಿದರು. ಎಲ್ಲಪ್ಪನೆಂಬ ನಕ್ಷೆಗಾರನು ಅದಕ್ಕೆ ಚಿತ್ರಗಳನ್ನು ಬರೆದುಕೊಟ್ಟನು. ಪತ್ರಿಕೆಯು ಬಯಲಲ್ಲಿ ಹುಟ್ಟಿ ಬೇಗನೆ ನಿಂತಿತು. ಹಸ್ತಪ್ರತಿಯು ದಶಕಗಳ ಕಾಲ ಮರೆಯಲ್ಲಿ ಬಾಳಿತು.

ಮೈಸೂರಿನ ಜಿ. ಆರ್. ಜೋಸ್ಯರ್ ಅವರು ಅದನ್ನು ಇಂಗ್ಲಿಷ್ ಅನುವಾದ ಮತ್ತು ಚಿತ್ರಗಳೊಡನೆ ೧೯೭೩ರಲ್ಲಿ ಪ್ರಕಟಿಸಿದರು. ಮರುವರ್ಷವೇ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಅದನ್ನು ಪರೀಕ್ಷಿಸಿದರು. ಭಾಷೆಯು ಆಧುನಿಕ, ಗ್ರಂಥವು ೧೯೦೪ಕ್ಕಿಂತ ಹಿಂದಿನದಾಗಲಾರದು, ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳಲ್ಲಿ ಒಂದಕ್ಕೂ ಹಾರುವ ಲಕ್ಷಣವಿಲ್ಲ ಎಂಬುದು ಅವರ ನಿರ್ಣಯ. ಸಂಸ್ಕೃತ ಪಾಠಶಾಲೆಗಳಲ್ಲಿ ಓದಿ ಬೆಳೆದ ನಮ್ಮಂಥವರಿಗೆ ಈ ನಿರ್ಣಯವು ಕಹಿಯಾಗಿ ಕಾಣಬಹುದು. ಆದರೆ ಪ್ರಮಾಣಗಳಿಂದ ವಸ್ತುವನ್ನು ಪರೀಕ್ಷಿಸಬೇಕೆಂಬುದು ನಮ್ಮ ನ್ಯಾಯಶಾಸ್ತ್ರದ್ದೇ ಉಪದೇಶವಲ್ಲವೆ? ಪರೀಕ್ಷೆಗೆ ನಿಲ್ಲದ್ದನ್ನು ಬಿಡುವುದರಿಂದ ಶಾಸ್ತ್ರಕ್ಕೆ ಕುಂದಿಲ್ಲ. ಅಳತೆಯೂ ಚಿತ್ರವೂ ಅಚ್ಚಾದ ಒಂದೇ ವರ್ಷದಲ್ಲಿ ಸತ್ಯಾಸತ್ಯನಿರ್ಣಯವು ಸಾಧ್ಯವಾಯಿತು. ಭೋಜನ ಪಾದರಸದ ಹಕ್ಕಿಯ ವಿಷಯದಲ್ಲಿ ಒಂಬೈನೂರು ವರ್ಷಗಳಿಗೂ ಅದು ಸಾಧ್ಯವಾಗಲಿಲ್ಲ. ಪ್ರಕಟನೆಯು ವಿದ್ಯೆಯನ್ನು ಉಳಿಸುವುದಷ್ಟೇ ಅಲ್ಲ, ಅವಿದ್ಯೆಯನ್ನು ಕಳೆಯುವುದೂ ಅಹುದು.

ಕನ್ನಡದಲ್ಲಿ ‘ವಿಜ್ಞಾನ’ದ ಬಳಿಕ ಶಿವರಾಮ ಕಾರಂತರ ‘ಬಾಲಪ್ರಪಂಚ’ವು ೧೯೩೬ರಲ್ಲಿ ಹೊರಬಂದಿತು, ‘ಬಾಲವಿಜ್ಞಾನ’ ಪತ್ರಿಕೆಯು ೧೯೭೮ರಲ್ಲಿ ಆರಂಭವಾಯಿತು. ಇವು ಮಕ್ಕಳಿಗೆ ತಿಳಿವನ್ನು ಕೊಟ್ಟವು. ಆದರೆ ಕೈಗೆ ಕೆಲಸ ಕೊಡುವುದನ್ನೇ ಮುಖ್ಯ ಉದ್ದೇಶವಾಗಿ ಇಟ್ಟುಕೊಂಡ, ತಿಂಗಳು ತಿಂಗಳು ಅಳತೆಯ ನಕ್ಷೆಯನ್ನೊದಗಿಸುವ ಪತ್ರಿಕೆಯ ಸಂಪ್ರದಾಯವು ನಮ್ಮಲ್ಲಿ ಬೇರೂರಲಿಲ್ಲ.

೫

ಇನ್ನು ಧಾರವಾಡ ಜಿಲ್ಲೆಗೆ ಬರೋಣ. ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯು ಹಿಂಗಾರಿ ಜೋಳದ ಸೀಮೆ. ಸುಗ್ಗಿಯಾದ ಮೇಲೆ ಕಣಿಕೆಯ ಬಣಿವೆಯ ಮಗ್ಗುಲಲ್ಲಿ ಹುಡುಗರು ಚಕ್ಕಡಿ ಮಾಡುವುದು ಹಳೆಯ ವಾಡಿಕೆ. ದಂಟಿನ ಹೊರಸಿಪ್ಪೆಯನ್ನು ಸೀಳಿ ಕಡ್ಡಿ ತೆಗೆದು, ಒಳಗಿನ ಬೆಂಡನ್ನು ಕತ್ತರಿಸಿ, ಬೆಂಡಿಗೆ ಕಡ್ಡಿ ಚುಚ್ಚಿ ನೊಗ, ಮೂಕಿ, ಗಾಲಿಗಳನ್ನು ಜೋಡಿಸುತ್ತಾರೆ. ಅಂಟು ಬೇಡ, ಮೊಳೆ ಬೇಡ, ಕಾಸು ಬೇಡ. ಜ್ಯೇಷ್ಠದ ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನ ಎತ್ತುಗಳು ಸಿದ್ಧವಾಗುತ್ತವೆ. ರೈಟ್ ಸೋದರರ ಆಟಿಕೆಯಲ್ಲಿದ್ದ ಬೆಂಡು, ಬಿದಿರು, ಕಾಗದಗಳಲ್ಲಿ ಈ ಹುಡುಗರಿಗೆ ದೊರೆಯದಿದ್ದದ್ದು ಯಾವುದು? ಪದಾರ್ಥದ ಕೊರತೆಯಿರಲಿಲ್ಲ, ಕೈಚಳಕದ ಕೊರತೆಯೂ ಇರಲಿಲ್ಲ. ಒಬ್ಬನು ಕಂಡದ್ದನ್ನು ಅಳೆದು ಬರೆದು ಇನ್ನೊಂದು ಊರಿಗೆ ಮುಟ್ಟಿಸುವ ಹಾಳೆಯೊಂದೇ ಇರಲಿಲ್ಲ.

ಈ ಬೆಂಡಿನ ಚಕ್ಕಡಿಯಲ್ಲಿ ಗುಟ್ಟೇನೂ ಇಲ್ಲ, ಅದನ್ನು ಬರೆದಿಡತಕ್ಕ ವಿದ್ಯೆಯೆಂದು ನಾವು ಎಣಿಸಲಿಲ್ಲ, ಅಷ್ಟೆ. ಬುದ್ಧಿಪೂರ್ವಕವಾದ ಗುಪ್ತಿಯ ಉದಾಹರಣೆಯೂ ಇಲ್ಲಿಯೇ ಉಂಟು. ನವಲಗುಂದದ ಜಮಖಾನೆಗಳನ್ನು ನೇಯುವವರು ಹೆಂಗಸರು. ಕಸಬು ಹೊರಗೆ ಹೋಗಬಾರದೆಂದು ಮದುವೆಯಾಗಿ ಹೋಗುವ ಹೆಣ್ಣುಮಕ್ಕಳಿಗೆ ಅದನ್ನು ಕಲಿಸದೆ ಸೊಸೆಯಂದಿರಿಗೆ ಮಾತ್ರ ಕಲಿಸುವ ಕಟ್ಟು ಅಲ್ಲಿದ್ದಿತು. ಇಂದು ಆ ಮಗ್ಗಗಳು ವಿರಳವಾಗಿವೆ. ೨೦೧೧ರಲ್ಲಿ ಜಮಖಾನೆಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂದಿತು. ಕಾನೂನಿನಂತೆ ಅಂಥ ಮಾನ್ಯತೆಗೆ ಕಸಬಿನ ವಿವರವನ್ನು ಬರೆದುಕೊಡಬೇಕು. ಶತಮಾನಗಳ ಕಾಲ ಮುಚ್ಚಿಟ್ಟದ್ದನ್ನು ಕಾಯುವುದಕ್ಕೂ ಕಡೆಗೆ ಪ್ರಕಟನೆಯೇ ಬೇಕಾಯಿತು. ಕಲಘಟಗಿಯ ಬಣ್ಣದ ತೊಟ್ಟಿಲುಗಳ ಕೀರ್ತಿಯೂ ಸರ್ವವಿದಿತ. ಅವುಗಳ ಅರಗಿನ ಬಣ್ಣದ ಕೆಲಸವೂ ಕೆಲವೇ ಮನೆತನಗಳ ಕೈಯಲ್ಲಿದೆ.

೬

ಇಲ್ಲಿ ಎರಡು ಆಕ್ಷೇಪಗಳು ಬರುವುವು. ಗುಪ್ತಿಯು ಬಡ ಕಸಬುದಾರನ ಅನ್ನದ ರಕ್ಷಣೆ, ಅದನ್ನು ಬಯಲು ಮಾಡೆಂದು ಹೇಳುವ ಅಧಿಕಾರ ಪಂಡಿತನಿಗೆಲ್ಲಿಯದು ಎಂಬುದು ಮೊದಲನೆಯದು. ಈ ಆಕ್ಷೇಪವು ನ್ಯಾಯವಾದದ್ದು. ಹೊಟ್ಟೆಯ ವಿದ್ಯೆಯನ್ನು ಒಡೆಯರ ಒಪ್ಪಿಗೆಯಿಲ್ಲದೆ, ಅವರಿಗೆ ತಕ್ಕ ಲಾಭವಿಲ್ಲದೆ ಅಚ್ಚು ಮಾಡುವುದು ಸಲ್ಲದು. ಆದರೆ ಕಲಿಯುವ ಸೊಸೆಯೇ ಇಲ್ಲದಾದ ಮನೆಯಲ್ಲಿ ಗುಪ್ತಿಯು ಕಾಯುವುದೇನನ್ನು? ಕಡೆಯ ಕೈ ನಿಲ್ಲುವುದಕ್ಕೆ ಮುಂಚೆ ಅವರಿಂದಲೇ ಅವರ ಹೆಸರಿನಲ್ಲಿಯೇ ಬರೆಯಿಸಿಡುವುದು ಯುಕ್ತ.

ಎರಡನೆಯದು, ಬರಿಯ ಹಾಳೆಯಿಂದ ಕೈ ಪಳಗದು ಎಂಬುದು. ಇದೂ ದಿಟ. ಕುಂದಗೋಳದ ಸವಾಯಿ ಗಂಧರ್ವರು ಅಬ್ದುಲ್ ಕರೀಮ್ ಖಾನರಿಂದ ಪಡೆದದ್ದನ್ನು ಯಾವ ಪುಸ್ತಕವೂ ಕೊಡಲಾರದು. ಆಟದ ವಿಮಾನದಲ್ಲಿಯೂ ನಕ್ಷೆಯಂತೆ ಕಟ್ಟಿದ ಮೊದಲನೆಯದು ಮೂಗು ನೆಲಕ್ಕೆ ಬಡಿಯುವುದು ಸಾಮಾನ್ಯ. ಆದರೆ ಎಲ್ಲಿ ತಪ್ಪಿತೆಂದು ತಿರುಗಿ ನೋಡುವುದಕ್ಕೆ ನಕ್ಷೆಯೇ ಆಧಾರ. ಗುರುಮುಖವೂ ಪತ್ರಮುಖವೂ ಒಂದಕ್ಕೊಂದು ವಿರೋಧಿಗಳಲ್ಲ.

ಇಂದು ಹಗುರವಾದ ವಿದ್ಯುತ್ ಯಂತ್ರಗಳಿಂದಲೂ ನೊರೆಹಲಗೆಗಳಿಂದಲೂ ಆಟದ ವಿಮಾನಗಳ ವಿನೋದವು ಅನೇಕ ದೇಶಗಳಲ್ಲಿ ಹೊಸ ಚಿಗುರನ್ನು ಕಂಡಿದೆ. ಈ ಸಂದರ್ಭದಲ್ಲಿ ನಮ್ಮ ಸಂಶೋಧನಮಂಡಲಗಳು ಒಂದು ಚಿಕ್ಕ ಕಾರ್ಯವನ್ನು ಕೈಗೊಳ್ಳಬಹುದೆಂದು ನಮಗೆ ತೋರುತ್ತದೆ. ಎರೆಸೀಮೆಯ ಊರೂರುಗಳಲ್ಲಿ ಬೆಂಡಿನ ಚಕ್ಕಡಿ, ಮಣ್ಣೆತ್ತು, ಗಾಳಿಪಟಗಳನ್ನು ಮಾಡಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರ ಮುಂದೆ ಕುಳಿತು ಪ್ರತಿಯೊಂದು ಅಂಗದ ಅಳತೆಯನ್ನೂ, ಅದಕ್ಕಿರುವ ಊರಮಾತಿನ ಹೆಸರನ್ನೂ, ಜೋಡಿಸುವ ಕ್ರಮವನ್ನೂ ಬರೆದು, ನಕ್ಷೆಯೊಡನೆ ಪ್ರಕಟಿಸಬೇಕು. ಶಾಸನದ ಪಡಿಯಚ್ಚನ್ನು ತೆಗೆಯುವಷ್ಟೇ ಎಚ್ಚರದಿಂದ ಈ ಕಾರ್ಯವು ನಡೆಯತಕ್ಕದ್ದು. ಶಾಸನದ ಕಲ್ಲು ಇನ್ನೂ ನೂರು ವರ್ಷ ಕಾಯಬಲ್ಲದು, ಬೆಂಡಿನ ಬಂಡಿಯು ಮುಂದಿನ ಸುಗ್ಗಿಯ ವರೆಗೂ ಬಾಳದು.