ಮೂರು ಕಾಲಮ್ಮಿನ ನೋಟ್‌ಬುಕ್ಕು

ಹೋದ ವರ್ಷ ಸರಸ್ವತಿ ಪೂಜೆಗೆ ಇಡೋಣ ಅಂತ ಪುಸ್ತಕ ಹುಡುಕುತ್ತಿದ್ದಾಗ ಅಟ್ಟದ ಮೇಲೆ ಒಂದು ಉದ್ದನೆಯ ನೋಟ್‌ಬುಕ್ ಸಿಕ್ಕಿತು. ಅಂಗಡಿ ಲೆಕ್ಕಕ್ಕೆ ಬಳಸುತ್ತಾರಲ್ಲ, ಆ ಥರದ್ದು. ಪ್ರತಿ ಪುಟಕ್ಕೂ ಸ್ಕೇಲು ಹಿಡಿದು ಎಳೆದ ಮೂರು ಕಾಲಮ್ಮು. ಮೊದಲನೆಯದರಲ್ಲಿ ಇಂಗ್ಲಿಷ್ ಪದ, ಎರಡನೆಯದರಲ್ಲಿ ಕನ್ನಡ, ಮೂರನೆಯದರಲ್ಲಿ ತಮಿಳು. ಗೆರೆ ಎಳೆದಿದ್ದು ನಾನೇ. ಮೂವತ್ತು ವರ್ಷಕ್ಕೂ ಮೇಲೆ ಬ್ಯಾಂಕಿನಲ್ಲಿ ಲೆಡ್ಜರ್ ನೋಡಿದವನ ಕೈ ನೋಡಿ, ಗೆರೆ ನೆಟ್ಟಗಿತ್ತು!

ಅದು 2021ರಲ್ಲಿ ನನ್ನ ಮಗಳು ಜಿಆರ್‌ಇ ಪರೀಕ್ಷೆಗೆ ಓದಿದ ನೋಟ್‌ಬುಕ್. ಅಮೆರಿಕದಲ್ಲಿ ಎಂಎಸ್ಸೋ ಪಿಎಚ್‌ಡಿಯೋ ಮಾಡಬೇಕಾದರೆ ಬರೆಯುತ್ತಾರಲ್ಲ, ಆ ಪ್ರವೇಶ ಪರೀಕ್ಷೆ. ನಿಮ್ಮಲ್ಲಿ ಬಹಳ ಜನರ ಮನೆಯಲ್ಲಿ ಯಾರಾದರೂ ಒಬ್ಬರು ಬರೆದೇ ಇರುತ್ತಾರೆ. ನಾನು ಬರೆದವನಲ್ಲ. ಆದರೆ ಆ ಪರೀಕ್ಷೆಯ ಪದಗಳು ಮಾತ್ರ ನನಗೆ ಮಗಳು ಹುಟ್ಟುವ ಮೊದಲಿನಿಂದಲೂ ಪರಿಚಯ.

ಬಳ್ಳಾರಿಯಲ್ಲಿ ಬಿಕಾಂ ಮುಗಿಸಿ, ಬ್ಯಾಂಕಿನ ಪರೀಕ್ಷೆ ಪಾಸು ಮಾಡಿ ನಾನು ಮದರಾಸಿಗೆ ಬಂದದ್ದು 1992ರಲ್ಲಿ. ಕೋಡಂಬಾಕ್ಕಂನ ಟ್ರಸ್ಟ್‌ಪುರಂನಲ್ಲಿ ಮೂರು ಜನ ಸೇರಿ ಒಂದು ರೂಮು. ಕೋಡಂಬಾಕ್ಕಂ ಅಂದ ಕೂಡಲೇ ಊರಿನವರೆಲ್ಲ ಸಿನಿಮಾ ಬಗ್ಗೆ ಕೇಳುತ್ತಿದ್ದರು. ಒಂದು ಕಾಲಕ್ಕೆ ಕನ್ನಡ ಚಿತ್ರಗಳೂ ಇಲ್ಲಿಯ ಮತ್ತು ಪಕ್ಕದ ವಡಪಳನಿಯ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದವು, ರಾಜ್‌ಕುಮಾರ್ ಸಂಸಾರ ಕೂಡ ಈ ಊರಲ್ಲೇ ಇತ್ತು, ನಿಜ. ನಾನು ಬರುವ ಹೊತ್ತಿಗೆ ಅವರೆಲ್ಲ ಬೆಂಗಳೂರು ಸೇರಿಯಾಗಿತ್ತು. ನಮ್ಮ ರೂಮಿನಲ್ಲಿ ಕೇಳುತ್ತಿದ್ದ ಡೈಲಾಗು ಬೇರೆ. "ಅಬೇಸ್, ಅಬ್ಯಾಶ್, ಅಬೇಟ್, ಅಬ್ಡಿಕೇಟ್..."

ಜೊತೆಗಿದ್ದವರು ಇಬ್ಬರೂ ಎಂಜಿನಿಯರುಗಳು. ಒಬ್ಬ ದಾವಣಗೆರೆಯವನು, ಇನ್ನೊಬ್ಬ ಅನಂತಪುರದವನು. ಸೆಂಟ್ರಲ್ ಸ್ಟೇಷನ್ ಪಕ್ಕ, ಮೂರ್ ಮಾರ್ಕೆಟ್ 1985ರಲ್ಲಿ ಸುಟ್ಟುಹೋದ ಮೇಲೆ ಹೊಸದಾಗಿ ಎದ್ದ ಹಳೇ ಪುಸ್ತಕದ ಅಂಗಡಿಗಳಲ್ಲಿ, ಬ್ಯಾರನ್ಸ್‌ನವರ ದಪ್ಪ ಪುಸ್ತಕ ತಂದಿದ್ದರು. ಅದರಲ್ಲಿ ಐವತ್ತು ಪಟ್ಟಿ, ಒಟ್ಟು 3,500 ಪದ. ನನ್ನ ಕೆಲಸ ರಾತ್ರಿ ಊಟವಾದ ಮೇಲೆ ಪುಸ್ತಕ ಹಿಡಿದು ಪದ ಕೇಳುವುದು. ತಪ್ಪಿದವನು ಮಾರನೆಯ ದಿನ ಕಾಫಿ ಕೊಡಿಸಬೇಕು. 'ಎ' ಅಕ್ಷರದ ಪದಗಳು ಇಬ್ಬರಿಗೂ ಬಾಯಿಪಾಠ. 'ಎಂ' ದಾಟುವ ಹೊತ್ತಿಗೆ ಉಸಿರು ಬಿಡುತ್ತಿದ್ದರು. ಮತ್ತೆ ಮೊದಲಿಂದ ಶುರು, ಅಬೇಸ್, ಅಬ್ಯಾಶ್!

ನನಗೆ ಅದು ವಿಚಿತ್ರ ಅನ್ನಿಸಲಿಲ್ಲ. ಬ್ಯಾಂಕಿನ ಪರೀಕ್ಷೆಗೆ ನಾನೂ ಹೀಗೇ ವಿರುದ್ಧಪದ ಉರು ಹೊಡೆದಿದ್ದೆ. ಜಿಆರ್‌ಇ ನಾನು ಬರೆಯದೇ ಇದ್ದದ್ದಕ್ಕೆ ಕಾರಣ ಸರಳ. ಅಲ್ಲಿ ಹದಿನಾರು ವರ್ಷದ ಓದು ಕೇಳುತ್ತಾರೆ, ನಮ್ಮ ಬಿಕಾಂ ಹದಿನೈದಕ್ಕೇ ಮುಗಿಯುತ್ತೆ. ಮೇಲಾಗಿ ಊರಿಗೆ ಪ್ರತಿ ತಿಂಗಳು ಮನಿಯಾರ್ಡರ್ ಹೋಗಬೇಕಿತ್ತು.

ಈ ಪರೀಕ್ಷೆ ಹುಟ್ಟಿದ್ದು 1936ರಲ್ಲಿ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕೊಲಂಬಿಯಾ ಈ ನಾಲ್ಕು ವಿಶ್ವವಿದ್ಯಾಲಯಗಳೂ ಕಾರ್ನೆಗಿ ಫೌಂಡೇಷನ್ನೂ ಸೇರಿ ಒಂದು ಪ್ರಯೋಗ ಅಂತ ಶುರು ಮಾಡಿದವು. 1948ರಲ್ಲಿ ಅದು ಇಟಿಎಸ್ ಅನ್ನುವ ಹೊಸ ಸಂಸ್ಥೆಯ ಕೈಗೆ ಬಂತು. ನನ್ನ ರೂಮಿನವರು ಬರೆದ ಕಾಲದ ಪೇಪರಿನಲ್ಲಿ ಇಂಗ್ಲಿಷ್ ಭಾಗ ಎರಡು, ಒಂದೊಂದಕ್ಕೂ 38 ಪ್ರಶ್ನೆ. ಅದರಲ್ಲಿ 11 ವಿರುದ್ಧಪದ, 9 'ಇದಕ್ಕೆ ಇದಾದರೆ ಅದಕ್ಕೆ ಯಾವುದು' ಅನ್ನೋ ಥರದ ಜೋಡಿ. ಅಂದರೆ ಅರ್ಧಕ್ಕಿಂತ ಹೆಚ್ಚು ಪ್ರಶ್ನೆ ಬರೀ ಬಿಡಿ ಪದದ ಮೇಲೆ. ಒಂದು ವಾಕ್ಯ ಇದ್ದರೆ ಹಿಂದೆಮುಂದೆ ನೋಡಿ ಊಹೆ ಮಾಡಬಹುದು. ಬಿಡಿ ಪದಕ್ಕೆ ಅದೂ ಇಲ್ಲ. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಲೆಕ್ಕದಲ್ಲಿ ನಮ್ಮ ಹುಡುಗರು 800ಕ್ಕೆ 800 ಹತ್ತಿರ ಹೋಗಿ ಇಂಗ್ಲಿಷಿನಲ್ಲಿ ಮುಗ್ಗರಿಸುತ್ತಿದ್ದುದು ಇಲ್ಲೇ.

2011ರ ಆಗಸ್ಟಿನಲ್ಲಿ ವಿರುದ್ಧಪದಗಳನ್ನೂ ಜೋಡಿಗಳನ್ನೂ ಪೂರ್ತಿ ತೆಗೆದುಹಾಕಿದರು. ವಾಕ್ಯದೊಳಗೆ ಪದ ಹೇಗೆ ಕೂರುತ್ತೆ ಅನ್ನುವುದನ್ನು ಮಾತ್ರ ಕೇಳತೊಡಗಿದರು. 800 ಇದ್ದದ್ದು 170 ಆಯಿತು. 2023ರಿಂದ ಪರೀಕ್ಷೆಯೇ ಎರಡು ಗಂಟೆಯೊಳಕ್ಕೆ ಇಳಿದಿದೆ. ಆದರೆ ಪದಪಟ್ಟಿ ಎಲ್ಲಿ ಹೋಯಿತು? ಪುಸ್ತಕದಿಂದ ಫೋನಿಗೆ ಹೋಯಿತು, ಅಷ್ಟೇ.

ಈಗ ನಿಮ್ಮನ್ನು ಒಂದು ಸ್ಟೇಷನ್ ಮುಂದಕ್ಕೆ ಕರಕೊಂಡು ಹೋಗುತ್ತೇನೆ. ಕೋಡಂಬಾಕ್ಕಂನಲ್ಲಿ ಬೀಚ್ ಕಡೆಯ ಲೋಕಲ್ ಟ್ರೈನು ಹತ್ತಿದರೆ ಮುಂದಿನದೇ ನುಂಗಂಬಾಕ್ಕಂ. ಅಲ್ಲಿ ಕಾಲೇಜ್ ರೋಡ್ ಅಂತ ಒಂದು ರಸ್ತೆ. ಡಿಪಿಐ ಅಂತ ಜನ ಕರೆಯುವ ಶಿಕ್ಷಣ ಇಲಾಖೆಯ ಕಚೇರಿಗಳೂ ಮದ್ರಾಸ್ ಲಿಟರರಿ ಸೊಸೈಟಿಯ ಕೆಂಪು ಕಟ್ಟಡವೂ ಇರುವ ರಸ್ತೆ. ಯಾವ ಕಾಲೇಜಿನಿಂದ ಆ ಹೆಸರು ಬಂತು ಅಂತ ನಾನು ಎಷ್ಟೋ ವರ್ಷ ಯೋಚನೆಯನ್ನೇ ಮಾಡಿರಲಿಲ್ಲ. ಅದು ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು. ಶುರುವಾದದ್ದು 1812ರಲ್ಲಿ. ಓದುತ್ತಿದ್ದವರು ಕಂಪನಿ ಸರ್ಕಾರದ ನೌಕರಿಗೆ ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದ ಹದಿನೆಂಟು ಇಪ್ಪತ್ತರ ಹುಡುಗರು. ಅವರ ಪಾಠ? ತಮಿಳು, ತೆಲುಗು, ಕನ್ನಡ!

ಹೌದು, ನಮ್ಮ ಹುಡುಗರು ಕೋಡಂಬಾಕ್ಕಂನಲ್ಲಿ ಕೂತು ಇಂಗ್ಲಿಷ್ ಪದ ಉರು ಹೊಡೆಯುವುದಕ್ಕೆ ನೂರ ಎಂಬತ್ತು ವರ್ಷ ಮೊದಲು, ಕೂಗಳತೆಯ ದೂರದಲ್ಲಿ ಇಂಗ್ಲಿಷ್ ಹುಡುಗರು ಮುನ್ಷಿಗಳ ಮುಂದೆ ಕೂತು ಕನ್ನಡ ಪದ ಉರು ಹೊಡೆಯುತ್ತಿದ್ದರು. ಅವರಿಗೂ ಪರೀಕ್ಷೆ ಇತ್ತು. ಚೆನ್ನಾಗಿ ಮಾಡಿದರೆ ಭತ್ಯೆ ಹೆಚ್ಚುತ್ತಿತ್ತು, ಬಹುಮಾನದ ಹಣವೂ ಸಿಗುತ್ತಿತ್ತು. ಕಾರಣ ಹೊಟ್ಟೆಪಾಡಿನದೇ. ಟಿಪ್ಪು ಬಿದ್ದ 1799ರಲ್ಲಿ ಕರಾವಳಿ ಕಂಪನಿಗೆ ಸೇರಿತು. ಮಾರನೆಯ ವರ್ಷ ನಿಜಾಮ ನಮ್ಮ ಬಳ್ಳಾರಿ ಸೀಮೆಯನ್ನು ಬಿಟ್ಟುಕೊಟ್ಟ. ಅಲ್ಲಿ ಕಂದಾಯ ಎತ್ತಬೇಕು, ವ್ಯಾಜ್ಯ ಕೇಳಬೇಕು. ಕನ್ನಡ ಬರದಿದ್ದರೆ ಹೇಗೆ?

ಕಾಲೇಜಿಗೆ ತನ್ನದೇ ಪ್ರೆಸ್ ಇತ್ತು. ಜಾನ್ ಮೆಕೆರೆಲ್ ಬರೆದ ಕನ್ನಡ ವ್ಯಾಕರಣ 1820ರಲ್ಲಿ ಮದರಾಸಿನಲ್ಲೇ ಅಚ್ಚಾಯಿತು. ಬಳ್ಳಾರಿಯ ಲಂಡನ್ ಮಿಷನ್ನಿನಲ್ಲಿದ್ದ ವಿಲಿಯಂ ರೀವ್ ಕೂತು ಮಾಡಿದ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ, ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಬಂದವು. ಕಿಟೆಲ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿದ್ದು 1894ರಲ್ಲಿ, ಅಂದರೆ ಅದಕ್ಕೂ ಅರವತ್ತು ವರ್ಷ ಹಿಂದಿನ ಮಾತು. ನಮ್ಮೂರ ಪದಗಳು ಗಾಡಿ ಹತ್ತಿ ಮದರಾಸಿಗೆ ಬಂದು ಅಚ್ಚಾಗಿದ್ದವು ಅಂತ ಗೊತ್ತಾದ ದಿನ, ನಾನೂ ಹಾಗೇ ಬಂದವನಲ್ಲವಾ ಅಂತ ಅನ್ನಿಸಿ ಖುಷಿಯಾಯಿತು.

ಆ ಕಾಲೇಜನ್ನು ಕಟ್ಟಿದವನು ಎಫ್. ಡಬ್ಲ್ಯು. ಎಲ್ಲಿಸ್, ಮದರಾಸಿನ ಕಲೆಕ್ಟರ್. ತಿರುಕ್ಕುರಳ್ ಅನ್ನು ಇಂಗ್ಲಿಷಿಗೆ ತರಲು ಹೊರಟಿದ್ದವನು. 1816ರಲ್ಲಿ ಅವನ ಸಹೋದ್ಯೋಗಿ ಎ. ಡಿ. ಕ್ಯಾಂಪ್‌ಬೆಲ್ ಒಂದು ತೆಲುಗು ವ್ಯಾಕರಣ ಬರೆದ. ಅದಕ್ಕೆ ಎಲ್ಲಿಸ್ ಒಂದು ಟಿಪ್ಪಣಿ ಸೇರಿಸಿದ. ತಮಿಳು, ತೆಲುಗು, ಕನ್ನಡದ ಧಾತುಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದ, ಇವು ಸಂಸ್ಕೃತದಿಂದ ಹುಟ್ಟಿದ ಭಾಷೆಗಳಲ್ಲ, ಒಂದೇ ಮನೆಯ ಅಕ್ಕತಂಗಿಯರು ಅಂತ. ಕಾಲ್ಡ್‌ವೆಲ್ ತನ್ನ ದೊಡ್ಡ ಪುಸ್ತಕ ಬರೆದದ್ದು ನಲವತ್ತು ವರ್ಷ ಆದಮೇಲೆ, 1856ರಲ್ಲಿ. ಎಲ್ಲಿಸ್ 1819ರಲ್ಲೇ ತೀರಿಕೊಂಡ. ಕಾಲೇಜು 1854ರಲ್ಲಿ ಮುಚ್ಚಿತು, ರಸ್ತೆಗೆ ಹೆಸರು ಉಳಿಯಿತು.

ಯೋಚನೆ ಮಾಡಿ. ಪರೀಕ್ಷೆ ಪಾಸಾಗಲಿ ಅಂತ ಮಾಡಿದ ಪದಪಟ್ಟಿಗಳ ನಡುವೆಯೇ ಇಷ್ಟು ದೊಡ್ಡ ವಿಷಯ ಹೊಳೆದದ್ದು. ಒಂದೊಂದೇ ಪಟ್ಟಿ ಓದಿದ್ದರೆ ಹೊಳೆಯುತ್ತಿರಲಿಲ್ಲ. ಪಕ್ಕದಲ್ಲಿ ಇನ್ನೊಂದನ್ನು ಇಟ್ಟಿದ್ದಕ್ಕೆ ಹೊಳೆಯಿತು.

ಆ ಕ್ಯಾಂಪ್‌ಬೆಲ್ ಮುಂದೆ ನಮ್ಮ ಬಳ್ಳಾರಿಗೇ ಕಲೆಕ್ಟರ್ ಆಗಿ ಬಂದ. 1823ರಲ್ಲಿ ಅವನು ಬರೆದ ವರದಿಯಲ್ಲಿ ಜಿಲ್ಲೆಯಲ್ಲಿ 533 ಶಾಲೆ, 6,641 ವಿದ್ಯಾರ್ಥಿಗಳು ಅಂತ ಲೆಕ್ಕ ಇದೆ. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವ ಪದ್ಧತಿಯನ್ನು ಹೊಗಳಿದ್ದಾನೆ. ಒಂದು ದೂರೂ ಇದೆ. ಮಕ್ಕಳು ರಾಶಿರಾಶಿ ಪದ್ಯ ಬಾಯಿಪಾಠ ಒಪ್ಪಿಸುತ್ತಾರೆ, ಅದರ ಭಾಷೆ ಆಡುಮಾತಲ್ಲ, ಅರ್ಥ ಮಾತ್ರ ಗಿಳಿಗೆ ಗೊತ್ತಿದ್ದಷ್ಟೇ ಅಂತ. ಓದಿ ನಗು ಬಂತು. ಟ್ರಸ್ಟ್‌ಪುರಂ ರೂಮಿನ ಗಿಳಿಗಳು ನೆನಪಾದವು.

ಇನ್ನು ಮಗಳ ವಿಷಯಕ್ಕೆ ಬರುತ್ತೇನೆ. ಅವಳೂ ಮೊದಲು ಫೋನಿನಲ್ಲಿ ಕಾರ್ಡು ತಿರುಗಿಸುತ್ತ ಗಿಳಿಯ ಹಾಗೇ ಶುರು ಮಾಡಿದಳು. ಒಂದು ರಾತ್ರಿ ಊಟಕ್ಕೆ ಕೂತಾಗ "ಅಪ್ಪ, ಸ್ಯಾಂಕ್ಷನ್ ಅಂದ್ರೆ ಏನು ಹೇಳು ನೋಡೋಣ" ಅಂದಳು. ನನ್ನನ್ನೇ ಕೇಳೋದಾ! "ಮಂಜೂರು. ದಿನಾ ಸಾಲ ಸ್ಯಾಂಕ್ಷನ್ ಮಾಡ್ತೀನಲ್ಲ" ಅಂದೆ. "ಅರ್ಧ ಮಾರ್ಕು. ಇನ್ನೊಂದು ಅರ್ಥ ನಿರ್ಬಂಧ, ಶಿಕ್ಷೆ. ಪೂರ್ತಿ ಉಲ್ಟಾ." ಆವತ್ತು ನನಗೂ ಹುಮ್ಮಸ್ಸು ಬಂತು. ನೋಟ್‌ಬುಕ್ ತಂದು ಗೆರೆ ಎಳೆದೆ.

ಗ್ಯಾರುಲಸ್ ಬಂತು. ನಾನು 'ವಾಚಾಳಿ' ಅಂತ ಬರೆದೆ. ನನ್ನ ಹೆಂಡತಿ ಅಡಿಗೆಮನೆಯಿಂದಲೇ "ಬಾಯಿಬಡುಕಿ ಅನ್ರೀ" ಅಂದಳು. ಮಗಳು ತಮಿಳು ಕಾಲಮ್ಮಿನಲ್ಲಿ 'ವಾಯಾಡಿ' ಅಂತ ಬರೆದು ಒಂದು ಕ್ಷಣ ಸುಮ್ಮನೆ ನೋಡಿದಳು. "ಅಪ್ಪ, ವಾಯಿ-ಬಾಯಿ ಒಂದೇನಾ?" ಒಂದೇ. ವಾ ಅಂದರೆ ಬಾ, ವೇಂಡುಂ ಅಂದರೆ ಬೇಕು. ಪಾಲು ಹಾಲು, ಪುಲಿ ಹುಲಿ, ಪಲ್ಲು ಹಲ್ಲು. ಹಳಗನ್ನಡದಲ್ಲಿ ನಾವೂ ಪುಲಿ ಅಂತಲೇ ಅನ್ನುತ್ತಿದ್ದೆವು. ನಾನು ತಮಿಳು ಕಲಿತದ್ದೇ ಈ ದಾರಿಯಲ್ಲಿ. ಇಪ್ಪತ್ತೆರಡು ವರ್ಷ ಎರಡೂ ಭಾಷೆ ಮಾತಾಡಿದ ಹುಡುಗಿಗೆ ಅದು ಹೊಳೆದದ್ದು ಆ ರಾತ್ರಿ, ಒಂದು ಇಂಗ್ಲಿಷ್ ಪದದ ದೆಸೆಯಿಂದ.

ಆಮೇಲೆ ದಿನಾ ರಾತ್ರಿ ಹತ್ತು ಪದ. ಲುಗೂಬ್ರಿಯಸ್ ಅಂದರೆ ಅಳುಮೋರೆ. ಪ್ರಾಡಿಗಲ್, ದುಂದುಗಾರ. ಆಬ್ಡ್ಯುರೇಟ್, ಮೊಂಡ. ಇಕ್ವಿವೊಕೇಟ್ ಅಂದಾಗ ನಾನು ತಲೆ ಕೆರೆದುಕೊಂಡೆ, ಒಂದು ಪದ ಸಿಗಲಿಲ್ಲ. ಅದಕ್ಕೂ ನನ್ನ ಹೆಂಡತಿಯೇ ದಿಕ್ಕು: "ಅಡ್ಡಗೋಡೆ ಮೇಲೆ ದೀಪ ಇಡೋದು."

ಎಲ್ಲಾ ಸುಸೂತ್ರ ಅಂತ ತಿಳಿಯಬೇಡಿ. ಮೂರನೇ ದಿನವೇ ನನಗೆ ಎರಡು ಪೆಟ್ಟು ಬಿತ್ತು. ಒಂದು, ನನ್ನ ಕನ್ನಡ ಪದಗಳು ನನಗೇ ಸಿಗುತ್ತಿರಲಿಲ್ಲ. ನಾಲಗೆ ತುದಿಗೆ ಬಂದು ನಿಲ್ಲುತ್ತಿದ್ದವು. ಕಪಾಟಿನಿಂದ ಕಿಟೆಲ್ ಇಳಿಸಬೇಕಾಯಿತು. (ಆ ನಿಘಂಟನ್ನು ಪರಿಷ್ಕರಿಸಿ 1968ರಿಂದ 1971ರೊಳಗೆ ನಾಲ್ಕು ಸಂಪುಟ ತಂದದ್ದು ಕೂಡ ಇದೇ ಊರಿನ ಮದರಾಸು ವಿಶ್ವವಿದ್ಯಾಲಯ, ಎಂ. ಮರಿಯಪ್ಪ ಭಟ್ಟರ ಕೈಯಲ್ಲಿ.) ಎರಡನೆಯದು ಇನ್ನೂ ಜೋರಾಗಿ ಬಿತ್ತು. ನಾನು ಬರೆದ ಕನ್ನಡ ಕಾಲಮ್ಮನ್ನು ಮಗಳು ಓದಲಾರಳು. ಪ್ರತಿ ಪದದ ಕೆಳಗೆ ತಮಿಳು ಲಿಪಿಯಲ್ಲಿ ಸಣ್ಣಕ್ಕೆ ಬರೆದುಕೊಳ್ಳುತ್ತಿದ್ದಳು. ತಮಿಳಿನಲ್ಲಿ ಪ-ಬ, ಕ-ಗ ಬೇರೆ ಬೇರೆ ಇಲ್ಲವಲ್ಲ. ಮಾರನೆಯ ದಿನ 'ಬಾಯಿಬಡುಕಿ'ಯನ್ನು 'ಪಾಯಿಪಡುಕಿ' ಅಂತ ಓದಿದಳು. ಎಲ್ಲರೂ ನಕ್ಕೆವು. ನಾನು ಜಾಸ್ತಿ ಹೊತ್ತು ನಗಲಾಗಲಿಲ್ಲ.

ಶಾಲೆಯಲ್ಲಿ ತಮಿಳು, ಇಂಗ್ಲಿಷ್ ಕಲಿಯಲಿ, ಕನ್ನಡ ಮನೆಯಲ್ಲೇ ಕಲಿಸಿದರಾಯಿತು ಅಂತ ಅಂದುಕೊಂಡಿದ್ದೆ. ಆ 'ಆಯಿತು' ಆಗಲೇ ಇಲ್ಲ. ಆಡಿಟ್ಟು, ಇಯರ್ ಎಂಡಿಂಗು, ಟ್ರಾನ್ಸ್‌ಫರ್ರು, ಕಾರಣಕ್ಕೆ ಬರವೇ? ಕಂಪನಿಯ ಹುಡುಗರಿಗೆ ಕನ್ನಡ ಅಕ್ಷರ ಕಲಿಸಲು ಈ ಊರಿನಲ್ಲಿ ಒಂದು ಕಾಲೇಜೇ ಇತ್ತು. ನನ್ನ ಮಗಳಿಗೆ ಇದ್ದದ್ದು ನಾನೊಬ್ಬ.

ಪರೀಕ್ಷೆ ಮನೆಯಲ್ಲೇ ನಡೆಯಿತು, ಕೋವಿಡ್ ಕಾಲ. ಕ್ಯಾಮೆರಾದಲ್ಲಿ ರೂಮು ಪೂರ್ತಿ ತೋರಿಸಿ ಬಾಗಿಲು ಹಾಕಿಕೊಂಡಳು. ಸುಮಾರು ನಾಲ್ಕು ಗಂಟೆ ನಾವಿಬ್ಬರೂ ಹೊರಗೆ ಕುಕ್ಕರ್ ಕೂಡ ಇಡದೆ ಕೂತಿದ್ದೆವು. ಇಂಗ್ಲಿಷಿನಲ್ಲಿ 170ಕ್ಕೆ 156 ಬಂತು. ನೋಟ್‌ಬುಕ್ಕಿನ ಆರುನೂರು ಚಿಲ್ಲರೆ ಪದಗಳಲ್ಲಿ ಪರೀಕ್ಷೆಗೆ ಬಂದದ್ದು ನಾಲ್ಕೋ ಐದೋ ಅಂತೆ. 2022ರಲ್ಲಿ ಹೋದಳು.

ನೋಟ್‌ಬುಕ್ ಸಿಕ್ಕ ವಾರವೇ ಅವಳ ಫೋನು ಬಂತು. ಅವಳ ಪ್ರೊಫೆಸರ್ ಥೀಸಿಸ್ ವಿಷಯದಲ್ಲಿ ಹೂಂ ಅನ್ನಲ್ಲ, ಊಹೂಂ ಅನ್ನಲ್ಲವಂತೆ. "ಬರೀ ಅಡ್ಡಗೋಡೆ ಮೇಲೆ ದೀಪ ಇಡ್ತಾರಪ್ಪ" ಅಂದಳು. ನಾನು ಕೇಳಿದೆ, "ಅದಕ್ಕೆ ಇಂಗ್ಲಿಷಿನಲ್ಲಿ ಏನಮ್ಮ ಅಂತಾರೆ?" ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಏನೋ ಇತ್ತು... 'ಇ'ಯಿಂದ ಶುರುವಾಗುತ್ತೆ. ಮರೆತುಹೋಯ್ತು."

ನೋಟ್‌ಬುಕ್ ಸಿಕ್ಕಿದ್ದು ಹೇಳಿದೆ. ಕನ್ನಡ ಕಾಲಮ್ಮನ್ನು ಓದಿ ರೆಕಾರ್ಡ್ ಮಾಡಿ ಕಳಿಸು, ಪುಟದ ಫೋಟೋನೂ ಕಳಿಸು, ನೋಡಿಕೊಂಡು ಕೇಳ್ತೀನಿ, ಅಕ್ಷರ ಬಂದರೂ ಬರಬಹುದು ಅಂದಳು. ಭಾನುವಾರಕ್ಕೊಂದು ಪುಟ ಕಳಿಸುತ್ತಿದ್ದೇನೆ. ಈಗ ಹನ್ನೊಂದನೇ ಪುಟದಲ್ಲಿದ್ದೇನೆ. ಹೋದ ವಾರ ಅವಳು ಒಂದು ಚೀಟಿಯ ಫೋಟೋ ಕಳಿಸಿದ್ದಳು. ವಕ್ರವಕ್ರವಾಗಿ, ಒಂದು ಕೊಂಬು ಬಿಟ್ಟು, 'ಬಾಯಿಬಡಕಿ' ಅಂತ ಬರೆದಿತ್ತು. 'ಬ' ಮಾತ್ರ ಸರಿಯಾಗಿತ್ತು.