ತೆರೆದ ಚೀಲ, ಮುಖ ತಿರುಗಿಸುವ ಹಸು: ರಸಮೇವಿನ ಹುದುಗು ಮತ್ತು ಮೇವಿನ ಸೇವನೆ

ಬೆಂಗಳೂರಿನಲ್ಲಿ 1892ರಲ್ಲಿ ಚಾಮರಾಜಪೇಟೆ, ಪ್ಲೇಗಿನ ಕಾಲವಾದ 1898ರಲ್ಲಿ ಬಸವನಗುಡಿ, ಮಲ್ಲೇಶ್ವರಗಳು ರೂಪುಗೊಂಡವು. ಆಗ ಅಲ್ಲಿ ಹಿತ್ತಿಲಲ್ಲಿ ಕೊಟ್ಟಿಗೆಯಿದ್ದ ಮನೆಗಳಲ್ಲಿ ಹಸುವಿನ ಮುಖ್ಯ ಮೇವು ರಾಗಿಹುಲ್ಲಾಗಿತ್ತು. ಇಂದು ಈ ಬಡಾವಣೆಗಳ ಓಣಿಗಳಲ್ಲಿ ಒಂದೆರಡು ಹಸು ಕಟ್ಟಿಕೊಂಡವರಿಗೆ ಹಸಿರು ಬೆಳೆಯಲು ನೆಲವಿಲ್ಲ. ಮುಸುಕಿನ ಜೋಳದ ರಸಮೇವು ಚೀಲದಲ್ಲಿ ಸಿಗುವುದರಿಂದ ಅವರಿಗೆ ಅದು ಒದಗಿಬರುವ ಮೇವು. ಆದರೆ ಚೀಲ ಬಿಚ್ಚಿದ ದಿನ ಗೋದಲಿ ಬರಿದು ಮಾಡಿದ ಹಸು ನಾಲ್ಕನೆಯ ದಿನ ಅದೇ ಮೇವನ್ನು ಮೂಸಿ ಮುಖ ತಿರುಗಿಸುವುದೇಕೆ?

ಕತ್ತರಿಸಿದ ಹಸಿ ಮೇವನ್ನು ಒತ್ತಿ ಗಾಳಿ ಹೊರಹಾಕಿದರೆ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಪಿಎಚ್ 4ರ ಆಸುಪಾಸಿಗೆ ಇಳಿದು ಮೇವು ಕೆಡದೆ ನಿಲ್ಲುತ್ತದೆ; ಇದೇ ರಸಮೇವು (ಸೈಲೇಜ್). ನೀರು ಹೆಚ್ಚು, ಸಕ್ಕರೆ ಕಡಿಮೆ ಇರುವ ಎಳೆ ನೇಪಿಯರ್ ಹುಲ್ಲಿನಲ್ಲಿ ಹುಳಿ ಬೇಗ ಏರದಿದ್ದರೆ ಕ್ಲಾಸ್ಟ್ರಿಡಿಯಾ ಎಂಬ ಬೇರೆ ಬ್ಯಾಕ್ಟೀರಿಯಾಗಳು ತಲೆ ಎತ್ತುತ್ತವೆ. ಲ್ಯಾಕ್ಟಿಕ್ ಆಮ್ಲ ಬ್ಯುಟಿರಿಕ್ ಆಗುತ್ತದೆ, ಪ್ರೋಟೀನು ಒಡೆದು ಅಮೋನಿಯಾ ಮತ್ತು ಅಮೈನುಗಳಾಗುತ್ತದೆ. ಅಂಥ ಮೇವಿಗೆ ಹಸು ಬಾಯಿ ಹಾಕುವುದು ಕಡಿಮೆ.

ಇದಕ್ಕೆ ಬ್ಯುಟಿರಿಕ್ ಆಮ್ಲವನ್ನೇ ಹೊಣೆಯಾಗಿಸುವುದು ಸರಿಯಲ್ಲ. ಹಸುವಿನ ಮೊದಲ ಹೊಟ್ಟೆಯಾದ ರೂಮೆನ್‌ನಲ್ಲಿ ಅದು ದಿನವೂ ಧಾರಾಳವಾಗಿ ಹುಟ್ಟುತ್ತದೆ. ಮೇವಿನಲ್ಲಿ ಅದು ಕಂಡರೆ ಪ್ರೋಟೀನು ಕೆಟ್ಟಿದೆ ಎಂಬುದಕ್ಕೆ ಸಾಕ್ಷಿ. ಉತ್ತರ ಐರ್ಲೆಂಡಿನಲ್ಲಿ 136 ಹುಲ್ಲಿನ ರಸಮೇವುಗಳನ್ನು ದನಗಳಿಗೆ ಉಣಿಸಿ ನೋಡಿದ 1998ರ ಅಧ್ಯಯನದಲ್ಲಿ ಪಿಎಚ್ ಮತ್ತು ಲ್ಯಾಕ್ಟಿಕ್ ಆಮ್ಲಕ್ಕೆ ಸೇವನೆಯೊಡನೆ ದುರ್ಬಲ ಸಂಬಂಧ ಕಂಡಿತು; ಜೀರ್ಣಶೀಲತೆ ಮತ್ತು ಪ್ರೋಟೀನಿನ ಸ್ವರೂಪಕ್ಕೆ ಬಲವಾದದ್ದು. ಫಿನ್‌ಲೆಂಡಿನ ಹುಹ್ತಾನೆನ್ ಮತ್ತು ಸಂಗಡಿಗರು 2002ರಲ್ಲಿ ಬೇರೆಯದನ್ನೇ ಕಂಡರು: ಹುದುಗಿನಲ್ಲಿ ಹುಟ್ಟಿದ ಒಟ್ಟು ಆಮ್ಲ ಹೆಚ್ಚಿದಷ್ಟೂ ಹಾಲುಹಸುಗಳ ಸೇವನೆ ಇಳಿಯುತ್ತದೆ.

ಇವೆರಡೂ ಪರಸ್ಪರ ವಿರುದ್ಧವೆಂದು ನನಗನ್ನಿಸದು. ಮೇವಿಗೆ ಹೊರಗಿನಿಂದ ಆಮ್ಲ ಬೆರೆಸಿ ಕಾಪಿಡುವ ಕ್ರಮಕ್ಕೆ ಫಿನ್‌ಲೆಂಡಿನ ವಿರ್ಟಾನೆನ್ 1945ರಲ್ಲಿ ನೊಬೆಲ್ ಪಡೆದರು. ಮುಂದೆ ಫಾರ್ಮಿಕ್ ಆಮ್ಲ ಬೆರೆಸಿ ಹುದುಗನ್ನು ಹತ್ತಿಕ್ಕಿದ ಮೇವನ್ನು ಹಸುಗಳು ಅತಿಯಾಗಿ ಹುದುಗಿದ್ದಕ್ಕಿಂತ ಹೆಚ್ಚು ತಿಂದವು. ಹುಳಿಯೊಂದೇ ತಪ್ಪಾಗಿದ್ದರೆ ಹೀಗಾಗಬಾರದಿತ್ತು. ಒಟ್ಟು ಆಮ್ಲವೆಂಬುದು ಹುದುಗು ಎಷ್ಟು ಮುಂದುವರಿದಿದೆ ಎಂಬುದರ ಗುರುತು; ಅದು ಮುಂದುವರಿದಷ್ಟೂ ರೂಮೆನ್ನಿನ ಸೂಕ್ಷ್ಮಜೀವಿಗಳ ಪಾಲಿನ ಸಕ್ಕರೆ ಮೊದಲೇ ಕರಗಿರುತ್ತದೆ. ಉಳಿದ ಆಮ್ಲಗಳಿಂದ ಅವಕ್ಕೆ ಸಿಗುವ ಶಕ್ತಿ ತೀರ ಕಡಿಮೆ. ಲ್ಯಾಕ್ಟಿಕ್ ಆಮ್ಲದ ಒಂದು ಪಾಲು ರೂಮೆನ್‌ನಲ್ಲಿ ಪ್ರೊಪಿಯಾನಿಕ್ ಆಗಿ ಯಕೃತ್ತಿಗೆ ಹೋಗುತ್ತದೆ. ಅಲ್ಲಿನ ದಹನವೇ ‘ಸಾಕು’ ಎಂಬ ಸೂಚನೆ ಕೊಡುತ್ತದೆಂಬುದು ಅಮೆರಿಕದ ಮೈಕೇಲ್ ಆ್ಯಲನ್ ಅವರ ಸಿದ್ಧಾಂತ.

ನಮ್ಮ ಓಣಿಯ ಹಸುವಿಗೆ ಬಂದರೆ ಪ್ರಶ್ನೆಯ ತೂಕ ಬೇರೆ ಕಡೆ ವಾಲುತ್ತದೆ. ಚೀಲ ಬಿಚ್ಚಿದೊಡನೆ ಗಾಳಿ ನುಗ್ಗಿ, ಯೀಸ್ಟ್‌ಗಳು ಲ್ಯಾಕ್ಟಿಕ್ ಆಮ್ಲವನ್ನು ತಿಂದು ಮೇವನ್ನು ಬಿಸಿಯೇರಿಸುತ್ತವೆ, ಬಳಿಕ ಬೂಷ್ಟು ಹಿಡಿಯುತ್ತದೆ. ಜರ್ಮನಿಯ ಬಾನ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದಿನಗಟ್ಟಲೆ ಗಾಳಿಗೆ ತೆರೆದಿಟ್ಟ ಮುಸುಕಿನ ಜೋಳದ ರಸಮೇವನ್ನು ಮೇಕೆಗಳು ಸ್ಪಷ್ಟವಾಗಿ ತೊರೆದವು. ಸುತ್ತಲಿನ ಗಾಳಿಗಿಂತ ಮೇವು ಎಷ್ಟು ಬಿಸಿಯಾಗಿದೆ ಎಂಬುದಕ್ಕೂ ಈ ತಿರಸ್ಕಾರಕ್ಕೂ ನಂಟು ಕಂಡಿತು. ಎರಡು ಹಸುಗಳಿಗೆ ದಿನಕ್ಕೆ ತಲಾ 15 ಕಿಲೋನಂತೆ ಹಾಕುತ್ತೇವೆಂದುಕೊಳ್ಳೋಣ: 100 ಕಿಲೋ ಚೀಲ ನಾಲ್ಕನೆಯ ದಿನ ಮುಗಿಯುತ್ತದೆ, 400 ಕಿಲೋ ಉಂಡೆಗೆ (ಬೇಲ್) 13 ದಿನಕ್ಕೂ ಹೆಚ್ಚು ಬೇಕು. ಬೆಂಗಳೂರಿನ ಹವೆ ನಮಗೆ ಹಿತ, ಯೀಸ್ಟ್‌ಗೂ ಹಿತ.

ಇಲ್ಲಿ ಹುದುಗಿನ ಆಮ್ಲಗಳಲ್ಲಿ ಇನ್ನೊಂದಾದ ಅಸಿಟಿಕ್ ಆಮ್ಲದ ಪಾತ್ರ ತಿರುವು ಪಡೆಯುತ್ತದೆ. ಸೇವನೆ ಕುಗ್ಗಿಸುತ್ತದೆಂಬ ಅಪವಾದ ಹೊತ್ತ ಇದೇ ಆಮ್ಲ ಯೀಸ್ಟ್‌ಗಳನ್ನು ತಡೆಯುತ್ತದೆ. ಬುಕ್ನೆರಿ ಎಂಬ ಬ್ಯಾಕ್ಟೀರಿಯಾವನ್ನು ಮೇವಿಗೆ ಬೆರೆಸಿದರೆ ಲ್ಯಾಕ್ಟಿಕ್ ಆಮ್ಲದ ಒಂದಂಶ ಅಸಿಟಿಕ್ ಆಗುತ್ತದೆ, ತೆರೆದ ಮೇವು ಹೆಚ್ಚು ದಿನ ತಣ್ಣಗಿರುತ್ತದೆ. ಚೀಲ ಒಂದೇ ದಿನದಲ್ಲಿ ಖಾಲಿಯಾಗುವ ದೊಡ್ಡ ಡೈರಿಗೆ ಇದು ಅಷ್ಟೇನೂ ಬೇಕಿಲ್ಲ. ಎರಡು ಹಸುವಿನವರಿಗೆ ಬೇಕೆಂದೇ ನನ್ನ ಎಣಿಕೆ. ಇದನ್ನು ಪರೀಕ್ಷಿಸುವುದು ಸುಲಭ. ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯಿಂದ ಬಸವನಗುಡಿ ದೂರವಲ್ಲ. ಸಣ್ಣ ಚೀಲ, ದೊಡ್ಡ ಉಂಡೆ, ಬುಕ್ನೆರಿ ಬೆರೆಸಿದ್ದು, ಬೆರೆಸದ್ದು: ಇವನ್ನು ಓಣಿಯ ಕೊಟ್ಟಿಗೆಗಳಿಗೆ ಕೊಟ್ಟು, ಪ್ರತಿ ಬೆಳಗ್ಗೆ ಮೇವಿನ ಒಡಲಿನ ಉಷ್ಣಾಂಶವನ್ನೂ ಗೋದಲಿಯಲ್ಲಿ ಉಳಿದ ಮೇವಿನ ತೂಕವನ್ನೂ ಬರೆದಿಟ್ಟರೆ ಆಯಿತು.