ಪಂಕ್ತಿಯ ನೇಮ

ನಾರಾಯಣಪೇಟೆ, ಮಕ್ತಲ, ಗದ್ವಾಲಗಳ ನಮ್ಮ ಲಿಂಗವಂತ ಬಳಗಗಳಲ್ಲಿ ಇಷ್ಟಲಿಂಗಪೂಜೆಯಾಗದೆ ಉಣ್ಣದವರೂ ಉಂಟು, ಲಿಂಗವನ್ನೇ ಧರಿಸದವರೂ ಉಂಟು. ಇವರು ಒಂದೇ ಪಂಕ್ತಿಯಲ್ಲಿ ಕೂಡುವುದೆಂತು?

12ನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಕುಲವನ್ನೆಣಿಸದೆ ಲಿಂಗಧಾರಿಗಳೊಡನೆ ಉಂಡರು. ಲಿಂಗವಿಲ್ಲದ ಭವಿಯೊಡನೆ, ಆತನು ಬಂಧುವಾದರೂ, ಉಣ್ಣಲಾಗದೆಂಬುದು ಹಲವು ವಚನಗಳ ನಿಲುವು. ಆ ಕಟ್ಟಳೆ ಹುಟ್ಟಿನ ಹೆಮ್ಮೆಯನ್ನು ಮುರಿಯಲೆಂದೇ ಬಂದುದೆಂದು ನಾವು ತಿಳಿಯುತ್ತೇವೆ.

1956ರಲ್ಲಿ ಗದ್ವಾಲ ತಾಲ್ಲೂಕು ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸೇರಿತು. ನಂಟರು ಎರಡು ರಾಜ್ಯಗಳವರಾದರು. ಅಂಥವರು ಕನ್ನಡದಲ್ಲಿ ಸುಖದುಃಖ ವಿಚಾರಿಸುವ ಮದುವೆಯೂಟದಲ್ಲಿ, ಅದೇ ಕಟ್ಟಳೆಯನ್ನು ಹಿಡಿದು ಬಂಧುವನ್ನು ಹೀಗಳೆಯುವುದು ಸಲ್ಲದು. ನೇಮಸ್ಥರು ಪೂಜೆ ಮುಗಿಸಿ, ಬಡಿಸಿದ ಸಸ್ಯಾಹಾರವನ್ನು ತಮ್ಮ ಲಿಂಗಕ್ಕರ್ಪಿಸಿ ಪ್ರಸಾದವಾಗಿ ಉಣ್ಣಲಿ. ಮನೆಯವರು ಅಷ್ಟು ಹೊತ್ತು ಎಲೆ ಹಾಕಿ ಕಾಯಲಿ.